ಅಕೌಂಟ್ ಹ್ಯಾಕ್ ಆದ್ರೆ ಮೊದ್ಲು ಫೇಸ್‌ಬುಕ್ಕಲ್ಲ, ಫೋನು ಸಿಮ್ಮು ಜಿಮೇಲು ನೋಡಿ

ಅಕೌಂಟ್ ಹ್ಯಾಕ್ ಆಗಿದೆ ಅಂತ ಗೊತ್ತಾದ ತಕ್ಷಣ ಜನ ಮಾಡೋದು ಒಂದೇ ಕೆಲ್ಸ, ಹಳೇ ಪಾಸ್‌ವರ್ಡನ್ನೇ ಹಾಕಿ ಹಾಕಿ ನೋಡೋದು, ಆಗ್ಲಿಲ್ಲ ಅಂದ್ರೆ ಓಟಿಪಿ ಕೇಳೋದು, ಅದು ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಕೇಳೋದು, ಕೊನೆಗೆ ಟ್ರೈ ಎಗೇನ್ ಲೇಟರ್ ಅಂತ ಬಂದು ಇದ್ದ ದಾರಿನೂ ಬಂದಾಗೋದು. ತುಮಕೂರಲ್ಲಿ ನಮ್ದು ಜೆರಾಕ್ಸು, ಆನ್‌ಲೈನ್ ಅರ್ಜಿ, ಮೊಬೈಲ್ ರಿಪೇರಿ ಎಲ್ಲಾ ಸೇರಿಸ್ಕೊಂಡಿರೋ ಸಣ್ಣ ಅಂಗಡಿ, ಅಲ್ಲಿಗೆ ಬರೋ ಮುಕ್ಕಾಲು ಜನ ಹೀಗೆ ಲಾಕ್ ಮಾಡ್ಕೊಂಡ್ಮೇಲೇ ಬರ್ತಾರೆ, ಬಂದು "ಸಾರ್ ಬೇಗ ಒಂದು ಪಾಸ್‌ವರ್ಡ್ ಚೇಂಜ್ ಮಾಡ್ಕೊಡಿ, ಬಸ್ಸಿಗೆ ಟೈಮಾಯ್ತು" ಅಂತಾರೆ.

ಪಾಸ್‌ವರ್ಡ್ ಚೇಂಜ್ ಮಾಡೋದು ಎರಡು ನಿಮಿಷದ ಕೆಲ್ಸ. ಆದ್ರೆ ಆ ಹೊಸ ಪಾಸ್‌ವರ್ಡಿನ ಕೋಡು ಬರೋದು ಎಲ್ಲಿಗೆ ಹೇಳಿ, ನಿಮ್ಮ ಜಿಮೇಲಿಗೆ ಇಲ್ಲಾ ನಿಮ್ಮ ನಂಬರಿಗೆ. ಆ ಜಿಮೇಲು ಹ್ಯಾಕ್ ಮಾಡಿದವನ ಕೈಲೇ ಇದ್ರೆ, ಇಲ್ಲಾ ಬರೋ ಮೆಸೇಜೆಲ್ಲಾ ಓದ್ತಿರೋ ಆ್ಯಪ್ ಒಂದು ನಿಮ್ಮ ಫೋನಲ್ಲೇ ಕೂತಿದ್ರೆ, ಆ ಕೋಡು ಅವನಿಗೂ ಸಿಗುತ್ತೆ, ನೀವು ಬದಲಾಯಿಸಿದ ಪಾಸ್‌ವರ್ಡನ್ನ ಅವನು ಮತ್ತೆ ಬದಲಾಯಿಸ್ಬೋದು. ಕಳ್ಳ ಇನ್ನೂ ಮನೆ ಒಳಗೇ ಇದಾನೋ ಇಲ್ವೋ ನೋಡದೇನೇ ಬಾಗಿಲಿಗೆ ಹೊಸ ಬೀಗ ಹಾಕ್ದಂಗೆ. ಅದಕ್ಕೇ ನಾನು ಹೇಳೋ ಆರ್ಡರು ಬೇರೆ: ಫೋನು, ಸಿಮ್ಮು, ಜಿಮೇಲು, ಆಮೇಲೆ ಫೇಸ್‌ಬುಕ್ಕು ಇನ್‌ಸ್ಟಾ. ವಾಟ್ಸಾಪ್ ಒಂದಕ್ಕೆ ಮಾತ್ರ ಈ ಆರ್ಡರ್ ಸ್ವಲ್ಪ ಬದಲಾಗುತ್ತೆ, ಅದನ್ನ ಅಲ್ಲೇ ಹೇಳ್ತೀನಿ. ದುಡ್ಡು ಹೋಗಿದ್ರೆ ಇದ್ಯಾವ್ದೂ ಓದ್ಕೊಂಡು ಕೂರ್ಬೇಡಿ, ಮೊದ್ಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮಾತಾಡಿ ಆದ್ಮೇಲೆ ಇಲ್ಲಿಗೆ ಬನ್ನಿ.

ನಿಜವಾಗ್ಲೂ ಹ್ಯಾಕ್ ಆಗಿದ್ಯಾ?

ಇದನ್ನ ಯಾರೂ ಕೇಳ್ಕೊಳ್ಳಲ್ಲ. "ನನ್ನ ಫೇಸ್‌ಬುಕ್ ಹ್ಯಾಕ್ ಆಗಿದೆ, ಯಾರೂ ದುಡ್ಡು ಹಾಕ್ಬೇಡಿ" ಅಂತ ಸ್ಟೇಟಸ್ ಹಾಕೋರಲ್ಲಿ ಎಷ್ಟೋ ಜನರ ಅಕೌಂಟಿಗೆ ಏನೂ ಆಗಿರಲ್ಲ. ಯಾರೋ ಅವರ ಡಿಪಿ ಇಳಿಸ್ಕೊಂಡು, ಅದೇ ಹೆಸರಲ್ಲಿ ಹೊಸ ಅಕೌಂಟ್ ತೆಗ್ದು, ಫ್ರೆಂಡ್ಸ್ ಲಿಸ್ಟ್ ನೋಡಿ ಒಬ್ಬೊಬ್ಬರಿಗೇ ರಿಕ್ವೆಸ್ಟ್ ಕಳ್ಸಿರ್ತಾರೆ. ಆಮೇಲೆ ಗೊತ್ತಲ್ಲ, ಅರ್ಜೆಂಟಾಗಿ ಐದು ಸಾವ್ರ ಬೇಕಿತ್ತು ಅಂತ ಮೆಸೇಜು, ಇಲ್ಲಾ ನನ್ನ ಫ್ರೆಂಡ್ ಒಬ್ರು ಸಿಆರ್‌ಪಿಎಫ್ ಆಫೀಸರು, ಟ್ರಾನ್ಸ್‌ಫರ್ ಆಗಿದೆ, ಸೋಫಾ ಫ್ರಿಡ್ಜು ಮಂಚ ಎಲ್ಲಾ ಕಮ್ಮಿ ರೇಟಿಗೆ ಕೊಡ್ತಾರೆ ಅನ್ನೋ ಕತೆ. ಮೇಷ್ಟ್ರು, ಡಾಕ್ಟ್ರು, ಪಂಚಾಯ್ತಿ ಮೆಂಬರ್ರು, ಇಂಥೋರ ಹೆಸರಲ್ಲಿ ಈ ಆಟ ಜಾಸ್ತಿ, ಯಾಕಂದ್ರೆ ಅವರು ಕೇಳಿದ್ರೆ ಇಲ್ಲ ಅನ್ನೋಕೆ ಜನಕ್ಕೆ ಮುಜುಗರ.

ನಿಮ್ಮ ಅಕೌಂಟ್ ನಿಮ್ಮ ಫೋನಲ್ಲಿ ಮಾಮೂಲಿಯಾಗಿ ಓಪನ್ ಆಗ್ತಿದೆ, ಮೆಸೆಂಜರಲ್ಲಿ ನೀವು ಕಳಿಸ್ದೇ ಇರೋ ಮೆಸೇಜ್ ಒಂದೂ ಇಲ್ಲ ಅಂದ್ರೆ ಅದು ಹ್ಯಾಕ್ ಅಲ್ಲ, ನಕಲಿ ಅಕೌಂಟು. ಇದಕ್ಕೆ ಪಾಸ್‌ವರ್ಡ್ ಬದಲಾಯ್ಸಿ ಪ್ರಯೋಜನ ಇಲ್ಲ. ನೀವು ಹುಡುಕಿದ್ರೆ ಆ ನಕಲಿ ಸಿಗೋದೂ ಇಲ್ಲ, ಯಾಕಂದ್ರೆ ಅವ್ನು ಮೊದಲ್ನೇ ಕೆಲಸನೇ ನಿಮ್ಮನ್ನ ಬ್ಲಾಕ್ ಮಾಡೋದು. ಹಂಗಾಗಿ ಯಾರಿಗೆ ರಿಕ್ವೆಸ್ಟ್ ಬಂದಿದ್ಯೋ ಅವರ ಫೋನ್ ಇಸ್ಕೊಂಡು ನೋಡಿ. ಮೊದ್ಲು ಆ ಪ್ರೊಫೈಲಿನ ಲಿಂಕ್ ಕಾಪಿ ಮಾಡಿ ಇಟ್ಕೊಳ್ಳಿ, ಹೆಸರು ಫೋಟೋ ನಾಳೆ ಬದಲಾಗುತ್ತೆ, ಲಿಂಕಲ್ಲಿರೋ ಐಡಿ ನಂಬರ್ ಬದಲಾಗಲ್ಲ, ಪೊಲೀಸರಿಗೂ ಬೇಕಾಗೋದು ಅದೇ. ಆಮೇಲೆ ಮೂರು ಚುಕ್ಕಿ ಒತ್ತಿ ರಿಪೋರ್ಟ್, ಅದರಲ್ಲಿ ಬೇರೆಯವರ ಥರ ನಟಿಸ್ತಿದಾರೆ ಅನ್ನೋ ಅರ್ಥದ ಆಪ್ಷನ್ ಇರುತ್ತೆ, ಅಲ್ಲಿ ಫ್ರೆಂಡ್ ಅಂತ ಆರಿಸಿ ನಿಮ್ಮ ಅಸಲಿ ಪ್ರೊಫೈಲ್ ತೋರಿಸ್ಬೇಕು. ಬರೀ ಸ್ಪ್ಯಾಮ್ ಅಂತ ನೂರು ಜನ ರಿಪೋರ್ಟ್ ಮಾಡೋದಕ್ಕಿಂತ ಸರಿಯಾದ ಕಾರಣ ಆರಿಸಿ ನಾಲ್ಕು ಜನ ಮಾಡಿದ್ರೆ ಒಳ್ಳೇದು ಅನ್ನೋದು ನನ್ನ ಲೆಕ್ಕ. ಆಮೇಲೆ ಫ್ರೆಂಡ್ಸ್ ಲಿಸ್ಟು ಓನ್ಲಿ ಮಿ ಮಾಡಿ, ಪ್ರೊಫೈಲ್ ಲಾಕ್ ಹಾಕಿ. ಇವರಿಗೆ ಮುಂದಿನ ಭಾಗ ಓದೋ ಅಗತ್ಯ ಇಲ್ಲ, ನೇರ ಕೊನೆಗೆ ಪೊಲೀಸ್ ವಿಷ್ಯಕ್ಕೆ ಹೋಗಿ.

ಮಿಕ್ಕೋರು ಬನ್ನಿ.

ಮೊದ್ಲು ಫೋನು

ನೆನಪು ಮಾಡ್ಕೊಳ್ಳಿ, ಇತ್ತೀಚೆಗೆ ವಾಟ್ಸಾಪಲ್ಲಿ ಬಂದ ಯಾವ್ದಾದ್ರೂ ಫೈಲ್ ಒತ್ತಿ ಇನ್‌ಸ್ಟಾಲ್ ಮಾಡಿದ್ರಾ? ಮದುವೆ ಆಮಂತ್ರಣ, ಆರ್‌ಟಿಓ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ, ಹೆಸರು ಏನಾದ್ರೂ ಇರ್ಲಿ, ಕೊನೇಲಿ ಡಾಟ್ ಎಪಿಕೆ ಅಂತ ಇದ್ರೆ ಅದು ಪತ್ರಿಕೆನೂ ಅಲ್ಲ ಚಲನ್ನೂ ಅಲ್ಲ, ಆ್ಯಪು. ಮದುವೆ ಪತ್ರಿಕೆ ಅಂದ್ರೆ ಫೋಟೋ ಇಲ್ಲಾ ಪಿಡಿಎಫ್ ಇಲ್ಲಾ ವಿಡಿಯೋ ಇರ್ಬೇಕು ಅಷ್ಟೇ. ಸಂಬಂಧಿಕರ ನಂಬರಿಂದಾನೇ ಬಂದಿತ್ತಲ್ಲ ಸಾರ್ ಅಂತಾರೆ, ಹೌದು, ಅವರ ಫೋನಿಗೂ ಹಂಗೇ ಯಾರೋ ಸಂಬಂಧಿಕರಿಂದ ಬಂದಿರುತ್ತೆ.

ಅಂಥದ್ದು ಹಾಕ್ಕೊಂಡಿದ್ರೆ ಆ ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈನೂ ಆಫ್. ಸಿಮ್ ತೆಗ್ದು ಒಂದು ಕೀಪ್ಯಾಡ್ ಸೆಟ್ಟಿಗೆ ಹಾಕಿ, ಓಟಿಪಿ ಅದಕ್ಕೆ ಬರ್ಲಿ. ಆಮೇಲೆ ಸೆಟ್ಟಿಂಗ್ಸಲ್ಲಿ ಆ್ಯಪ್ಸ್ ಲಿಸ್ಟ್ ಪೂರ್ತಿ ನೋಡಿ, ಐಕಾನ್ ಇಲ್ದೇ ಇರೋದು, ಹೆಸರು ಖಾಲಿ ಇರೋದು, ಗೂಗಲ್ ಸರ್ವಿಸ್ ಥರ ಹೆಸರಿಟ್ಕೊಂಡಿರೋದು ಸಿಗುತ್ತೆ. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ರೆ ಅದು ಡಿವೈಸ್ ಅಡ್ಮಿನ್ ಪರ್ಮಿಷನ್ ತಗೊಂಡಿದೆ ಅಂತ, ಸೆಕ್ಯೂರಿಟಿ ಸೆಟ್ಟಿಂಗ್ಸಲ್ಲಿ ಡಿವೈಸ್ ಅಡ್ಮಿನ್ ಆ್ಯಪ್ಸಿಗೆ ಹೋಗಿ ಟಿಕ್ ತೆಗೀಬೇಕು, ಆ್ಯಕ್ಸೆಸಿಬಿಲಿಟಿ ಒಳಗೂ ಒಂದ್ಸಲ ನೋಡಿ, ಆಮೇಲೆ ಡಿಲೀಟ್ ಆಗುತ್ತೆ. ಡೀಫಾಲ್ಟ್ ಎಸ್ಸೆಮ್ಮೆಸ್ ಆ್ಯಪ್ ಯಾವ್ದಾಗಿದೆ ಅಂತಾನೂ ನೋಡಿ. ಇಷ್ಟೆಲ್ಲಾ ಹೇಳಿದ್ರೂ ನನ್ನ ಕೇಳಿದ್ರೆ, ಫೋಟೋ ಕಾಂಟ್ಯಾಕ್ಟ್ ಬ್ಯಾಕಪ್ ತಗೊಂಡು ಫ್ಯಾಕ್ಟರಿ ರೀಸೆಟ್ ಮಾಡೋದೇ ಸರಿ. ಅರ್ಧಂಬರ್ಧ ಕ್ಲೀನ್ ಮಾಡಿದ ಫೋನಲ್ಲಿ ಫೋನ್‌ಪೇ ಓಪನ್ ಮಾಡೋ ಧೈರ್ಯ ನಂಗಂತೂ ಇಲ್ಲ.

ಎಪಿಕೆ ಯಾವ್ದೂ ಹಾಕಿಲ್ಲ, ಫೋನ್ ಚೆನ್ನಾಗಿದೆ ಅಂದ್ರೆ ಮುಂದಿನ ಎಲ್ಲಾ ಕೆಲಸನೂ ಅದೇ ಫೋನಲ್ಲಿ, ಮನೆ ವೈಫೈ ಇದ್ರೆ ಅದರಲ್ಲೇ ಮಾಡಿ. ಗೂಗಲ್ಲು ಫೇಸ್‌ಬುಕ್ಕು ಎರಡೂ ದಿನಾ ಬಳಸೋ ಡಿವೈಸು, ದಿನಾ ಇರೋ ಜಾಗ ನೋಡಿನೇ ಇವ್ರು ಅಸಲಿ ಅಂತ ನಂಬೋದು. ನಮ್ಮಂಥ ಸೈಬರ್ ಅಂಗಡಿ ಕಂಪ್ಯೂಟರಲ್ಲಿ ಮಾಡಿದ್ರೆ ಆ ಅನುಕೂಲ ಹೋಗುತ್ತೆ. ಗಿರಾಕಿನ ಮನೆಗೆ ವಾಪಸ್ ಕಳ್ಸೋದು ಅಂಗಡಿಗೆ ಲಾಸು, ಆದ್ರೂ ಹೇಳ್ತಿದೀನಿ.

ಸಿಮ್ಮು

ಫೋನಲ್ಲಿ ಸಿಗ್ನಲ್ ಇದ್ಯಾ ನೋಡಿ. ಪಕ್ಕದವರದ್ದು ಅದೇ ಕಂಪನಿ ಸಿಮ್ಮಲ್ಲಿ ಕಡ್ಡಿ ಫುಲ್ ಇದ್ದು ನಿಮ್ದು ಮಾತ್ರ ನೋ ಸರ್ವೀಸ್ ಅಂತಿದ್ರೆ ನಿಮ್ಮ ಹೆಸರಲ್ಲಿ ಬೇರೆ ಯಾರೋ ಡೂಪ್ಲಿಕೇಟ್ ಸಿಮ್ ತೆಗ್ಸಿರೋ ಚಾನ್ಸ್ ಇದೆ. ಆಗ ಬ್ಯಾಂಕಿಗೆ ಫೋನ್ ಮಾಡಿ ಅಕೌಂಟ್ ಫ್ರೀಜ್ ಮಾಡ್ಸಿ, ಕಂಪನಿ ಸ್ಟೋರಿಗೆ ಆಧಾರ್ ಹಿಡ್ಕೊಂಡು ಹೋಗಿ. ಹೊಸ ಸಿಮ್ ಹಾಕಿದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರಲ್ಲ, ಇದು ಟೆಲಿಕಾಂ ಇಲಾಖೆ ಮಾಡಿರೋ ನಿಯಮ, ನಿಮ್ಮ ಒಳ್ಳೇದಕ್ಕೇ ಮಾಡಿರೋದು, ಹಂಗಾಗಿ ಓಟಿಪಿ ಬರ್ತಿಲ್ಲ ಅಂತ ಸ್ಟೋರಲ್ಲಿ ಜಗಳ ಮಾಡ್ಬೇಡಿ.

ಇನ್ನೊಂದು ಕಾಲ್ ಫಾರ್ವರ್ಡ್. ಕೊರಿಯರ್ ಬಂದಿದೆ, ಡೆಲಿವರಿ ಹುಡುಗನ ಜೊತೆ ಮಾತಾಡೋಕೆ ಸ್ಟಾರ್ 21 ಸ್ಟಾರ್ ಒತ್ತಿ ಈ ನಂಬರ್ ಡಯಲ್ ಮಾಡಿ ಅಂತ ಹೇಳಿ ನಿಮ್ಮ ಕಾಲೆಲ್ಲಾ ಅವ್ನ ನಂಬರಿಗೆ ತಿರುಗಿಸ್ಕೊಳ್ತಾನೆ, ಆಮೇಲೆ ವಾಟ್ಸಾಪ್ ಕೋಡನ್ನ ಕಾಲ್ ಮೂಲಕ ತರಿಸ್ಕೊಳ್ತಾನೆ. ಅಂಥದ್ದೇನಾದ್ರೂ ಒತ್ತಿರೋ ಡೌಟ್ ಇದ್ರೆ ##002# ಡಯಲ್ ಮಾಡಿ, ಎಲ್ಲಾ ಫಾರ್ವರ್ಡು ಕ್ಯಾನ್ಸಲ್ ಆಗುತ್ತೆ. ಫೋನ್ ಆ್ಯಪಿನ ಸೆಟ್ಟಿಂಗ್ಸಲ್ಲೂ ಕಾಲ್ ಫಾರ್ವರ್ಡಿಂಗ್ ಅಂತ ಇರುತ್ತೆ, ಅಲ್ಲೂ ಕಣ್ಣಾಡ್ಸಿ.

ಜಿಮೇಲು, ಎಲ್ಲಾ ಇರೋದು ಇಲ್ಲೇ

ತುಂಬಾ ಜನಕ್ಕೆ ಅವರ ಜಿಮೇಲ್ ಅಡ್ರೆಸ್ಸೇ ಗೊತ್ತಿರಲ್ಲ. ಫೋನ್ ತಗೊಂಡಾಗ ಅಂಗಡಿ ಹುಡುಗ ಯಾವ್ದೋ ಒಂದು ಕ್ರಿಯೇಟ್ ಮಾಡಿ ಕೊಟ್ಟಿರ್ತಾನೆ, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಪ್ಲೇ ಸ್ಟೋರ್ ಓಪನ್ ಮಾಡಿ ಮೇಲೆ ಬಲಗಡೆ ಗುಂಡಗಿರೋ ಫೋಟೋ ಒತ್ತಿ, ಅಲ್ಲಿ ಕಾಣೋದೇ ನಿಮ್ಮ ಅಡ್ರೆಸ್ಸು, ಬರ್ಕೊಳ್ಳಿ.

ಒಳಗೆ ಹೋಗೋಕೆ ಆಗ್ತಿದ್ರೆ ಈಗ್ಲೇ ಪಾಸ್‌ವರ್ಡ್ ಬದಲಾಯ್ಸಿ, ಎಲ್ಲೂ ಹಾಕದೇ ಇರೋ ಹೊಸದು ಹಾಕಿ, ಊರ ಹೆಸರು ಅಟ್ 123 ಅಂತೆಲ್ಲಾ ಬೇಡ. ಆಮೇಲೆ ಸೆಕ್ಯೂರಿಟಿ ಭಾಗದಲ್ಲಿ ಯುವರ್ ಡಿವೈಸಸ್ ನೋಡಿ, ಗೊತ್ತಿಲ್ಲದ ಫೋನೋ ಕಂಪ್ಯೂಟರೋ ಇದ್ರೆ ಸೈನ್ ಔಟ್ ಮಾಡಿ. ರಿಕವರಿ ಫೋನು ರಿಕವರಿ ಇಮೇಲು ನಿಮ್ದೇನಾ ನೋಡಿ. ಇಷ್ಟು ಎಲ್ರೂ ಮಾಡ್ತಾರೆ, ಬಿಟ್ಟುಬಿಡೋದು ಮುಂದಿನದ್ದು. ಜಿಮೇಲನ್ನ ಕಂಪ್ಯೂಟರಲ್ಲಿ, ಇಲ್ಲಾ ಫೋನಿನ ಕ್ರೋಮಲ್ಲಿ ಡೆಸ್ಕ್‌ಟಾಪ್ ಸೈಟ್ ಹಾಕ್ಕೊಂಡು ಓಪನ್ ಮಾಡಿ, ಸೆಟ್ಟಿಂಗ್ಸಲ್ಲಿ ಫಿಲ್ಟರ್ಸ್ ಮತ್ತೆ ಫಾರ್ವರ್ಡಿಂಗ್ ಎರಡೂ ನೋಡಿ. ಫೇಸ್‌ಬುಕ್ಕಿಂದ ಬರೋ ಮೇಲ್ ಎಲ್ಲಾ ನೇರ ಟ್ರ್ಯಾಷಿಗೆ ಹೋಗ್ಲಿ, ಒಂದು ಕಾಪಿ ನನಗೆ ಬರ್ಲಿ ಅಂತ ಅವ್ನು ಫಿಲ್ಟರ್ ಹಾಕಿಟ್ಟಿರ್ತಾನೆ. ನೀವು ಪಾಸ್‌ವರ್ಡ್ ಬದಲಾಯ್ಸಿದ್ರೂ ಆ ಫಿಲ್ಟರ್ ಅಲ್ಲೇ ಇರುತ್ತೆ. ಕೋಡ್ ಬರ್ತಾನೇ ಇಲ್ಲ ಕೋಡ್ ಬರ್ತಾನೇ ಇಲ್ಲ ಅಂತ ಗೋಳಾಡೋರ ಟ್ರ್ಯಾಷ್ ಫೋಲ್ಡರ್ ತೆಗೆದ್ರೆ ಎಲ್ಲಾ ಅಲ್ಲಿ ಸಾಲಾಗಿ ಬಿದ್ದಿರುತ್ತೆ.

ಜಿಮೇಲೇ ಓಪನ್ ಆಗ್ತಿಲ್ಲ ಅಂದ್ರೆ ಬ್ರೌಸರಲ್ಲಿ ಜಿ ಡಾಟ್ ಸಿಓ ಸ್ಲ್ಯಾಶ್ ರಿಕವರ್ ಅಂತ ಟೈಪ್ ಮಾಡಿ. ಅವ್ನು ರಿಕವರಿ ನಂಬರ್ ಬದಲಾಯ್ಸಿದ್ರೂ ಹಳೇ ನಂಬರಿಗೆ ಕೋಡ್ ತರಿಸ್ಕೊಳ್ಳೋ ಅವಕಾಶ 7 ದಿನ ಗೂಗಲ್ ಕೊಡುತ್ತೆ, ಹಂಗಾಗಿ ಭಾನುವಾರ ನೋಡ್ಕೊಂಡ್ರಾಯ್ತು ಅಂತ ಮುಂದಕ್ಕೆ ಹಾಕ್ಬೇಡಿ. ಹಳೇ ಪಾಸ್‌ವರ್ಡ್ ಕೇಳಿದ್ರೆ ನೆನಪಿರೋ ಯಾವ್ದಾದ್ರೂ ಹಳೇದು ಹಾಕಿ, ಐ ಡೋಂಟ್ ನೋ ಒತ್ತೋದಕ್ಕಿಂತ ಅಂದಾಜಲ್ಲಿ ಹಾಕೋದು ಮೇಲು ಅಂತ ಗೂಗಲ್ಲೇ ಹೇಳುತ್ತೆ.

ಈಗ ಫೇಸ್‌ಬುಕ್ಕು

ಜಿಮೇಲ್ ಕೈಗೆ ಸಿಕ್ಕಿದ ತಕ್ಷಣ ಅದರ ಸರ್ಚಲ್ಲಿ ಫೇಸ್‌ಬುಕ್‌ಮೇಲ್ ಅಂತ ಹುಡುಕಿ. ನಿಮ್ಮ ಇಮೇಲ್ ಬದಲಾಗಿದೆ, ಪಾಸ್‌ವರ್ಡ್ ಬದಲಾಗಿದೆ ಅಂತ ಫೇಸ್‌ಬುಕ್ಕು ಹಳೇ ಅಡ್ರೆಸ್ಸಿಗೆ ಮೇಲ್ ಕಳ್ಸಿರುತ್ತೆ, ಅದರಲ್ಲಿ ಇದು ನಾನು ಮಾಡಿದ್ದಲ್ಲ ಅನ್ನೋ ಲಿಂಕ್ ಇರುತ್ತೆ. ಅದು ವರ್ಕ್ ಆದ್ರೆ ಇನ್ಯಾವ ಸರ್ಕಸ್ಸೂ ಬೇಡ, ಬದಲಾವಣೆ ವಾಪಸ್ ಆಗುತ್ತೆ. ಕಳ್ಸಿದ ಅಡ್ರೆಸ್ಸಿನ ಕೊನೆ ಫೇಸ್‌ಬುಕ್‌ಮೇಲ್ ಡಾಟ್ ಕಾಮ್ ಅಂತಾನೇ ಇದ್ಯಾ ನೋಡ್ಕೊಂಡು ಒತ್ತಿ, ಇದೇ ಥರ ಕಾಣೋ ನಕಲಿ ಮೇಲೂ ಓಡಾಡ್ತವೆ.

ಆ ಮೇಲ್ ಸಿಗ್ಲಿಲ್ಲ ಅಂದ್ರೆ ಫೇಸ್‌ಬುಕ್ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್. ಅಲ್ಲಿ ಅಕೌಂಟ್ ಹುಡುಕು ಅನ್ನುತ್ತೆ, ನಿಮ್ಮ ನಂಬರು ಇಲ್ಲಾ ಹಳೇ ಇಮೇಲ್ ಹಾಕಿ. ಅದರಲ್ಲಿ ಸಿಗದಿದ್ರೆ ಫ್ರೆಂಡ್ ಫೋನಲ್ಲಿ ನಿಮ್ಮ ಪ್ರೊಫೈಲ್ ತೆಗ್ದು ಯೂಸರ್‌ನೇಮ್ ನೋಡ್ಕೊಂಡು ಅದನ್ನ ಹಾಕಿ. ಕೋಡ್ ಎಲ್ಲಿಗೆ ಕಳಿಸ್ಲಿ ಅಂತ ಚುಕ್ಕಿ ಚುಕ್ಕಿ ಇರೋ ಇಮೇಲು ನಂಬರು ತೋರ್ಸುತ್ತೆ, ಅದ್ಯಾವ್ದೂ ನಿಮ್ದಲ್ಲ ಅಂದ್ರೆ ಕೆಳಗೆ ಸಣ್ಣಕ್ಷರದಲ್ಲಿ ಇವು ನನ್ನ ಹತ್ರ ಇಲ್ಲ ಅನ್ನೋ ಲೈನ್ ಇರುತ್ತೆ, ಅದನ್ನ ಒತ್ತಿ. ಆ ಲೈನು ಎಲ್ಲಾ ಫೋನಲ್ಲೂ ಬರಲ್ಲ. ಮೊದ್ಲು ಲಾಗಿನ್ ಆಗಿದ್ದ ಫೋನು ಇಲ್ಲಾ ಲ್ಯಾಪ್‌ಟಾಪಲ್ಲಿ ಬರೋ ಸಾಧ್ಯತೆ ಜಾಸ್ತಿ, ಮೂಲೇಲಿ ಬಿದ್ದಿರೋ ಹಳೇ ಫೋನ್ ಇದ್ರೆ ಚಾರ್ಜಿಗೆ ಹಾಕಿ.

ಕೆಲವರಿಗೆ ಐಡಿ ಕಾರ್ಡ್ ಫೋಟೋ ಕೇಳುತ್ತೆ. ಇಲ್ಲೇ ನಮ್ಮವರು ಸಿಕ್ಕಾಕೊಳ್ಳೋದು. ಆಧಾರಲ್ಲಿ ಒಂದು ಹೆಸರು, ಫೇಸ್‌ಬುಕ್ಕಲ್ಲಿ ಕಲ್ಪತರು ನಾಡ ಹುಡುಗ, ತುಮಕೂರ್ ಟೈಗರ್, ಅಪ್ಪನ ಮುದ್ದಿನ ಮಗಳು, ಡಿಪಿಲಿ ಹೀರೋ ಫೋಟೋ. ಐಡಿ ಕಾರ್ಡ್ ಕೊಟ್ರೂ ಯಾವ್ದಕ್ಕೆ ಹೊಂದಿಸ್ತಾರೆ ಹೇಳಿ. ಹೆಸರು ಸರಿಯಿದ್ರೆ ಕಾರ್ಡನ್ನ ಬೆಳಕಲ್ಲಿ ಇಟ್ಟು, ನಾಲ್ಕೂ ಮೂಲೆ ಕಾಣೋ ಹಂಗೆ, ಫ್ಲ್ಯಾಶ್ ಹಾಕದೆ ತೆಗೀರಿ, ಲ್ಯಾಮಿನೇಷನ್ ಮೇಲೆ ಫ್ಲ್ಯಾಶ್ ಬಿದ್ರೆ ಹೆಸರೇ ಕಾಣಲ್ಲ. ಆಧಾರ್ ಕೊಡೋದಾದ್ರೆ ಮಾಸ್ಕ್ ಮಾಡಿರೋದು, ಅಂದ್ರೆ ನಂಬರಿನ ಕೊನೇ ನಾಲ್ಕು ಅಂಕಿ ಮಾತ್ರ ಕಾಣೋದು ಕೊಡಿ, ಡಿಎಲ್ ಇದ್ರೆ ಅದೇ ಒಳ್ಳೇದು.

ಒಳಗೆ ಹೋದ್ಮೇಲೆ ಖುಷಿಯಿಂದ ಸ್ಟೇಟಸ್ ಹಾಕೋಕೆ ಮುಂಚೆ ಸೆಟ್ಟಿಂಗ್ಸಲ್ಲಿರೋ ಅಕೌಂಟ್ಸ್ ಸೆಂಟರಿಗೆ ಹೋಗಿ. ಪಾಸ್‌ವರ್ಡ್ ಆಂಡ್ ಸೆಕ್ಯೂರಿಟಿಲಿ ವೇರ್ ಯು ಆರ್ ಲಾಗ್ಡ್ ಇನ್ ನೋಡಿ ಮಿಕ್ಕಿದ್ದೆಲ್ಲಾ ಲಾಗೌಟ್ ಮಾಡಿ. ಕಾಂಟ್ಯಾಕ್ಟ್ ಇನ್ಫೋದಲ್ಲಿ ಅವ್ನು ಸೇರ್ಸಿರೋ ಇಮೇಲು ನಂಬರು ತೆಗೀರಿ. ಟು ಫ್ಯಾಕ್ಟರ್, ಅಂದ್ರೆ ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡೂ ಕೇಳೋದು, ಆನ್ ಆಗಿದ್ರೆ ಅದು ಯಾರ ಆ್ಯಪಿಗೆ ಲಿಂಕ್ ಆಗಿದೆ ನೋಡಿ, ಅವ್ನದ್ದಾದ್ರೆ ತೆಗ್ದು ನಿಮ್ದು ಹಾಕಿ. ಆಮೇಲೆ ಅದೇ ಅಕೌಂಟ್ಸ್ ಸೆಂಟರಲ್ಲಿ ಯಾವ್ಯಾವ ಅಕೌಂಟ್ ಜೋಡಿಸಿದೆ ಅಂತ ನೋಡಿ, ಅವ್ನು ತನ್ನ ಒಂದು ಇನ್‌ಸ್ಟಾಗ್ರಾಮ್ ಅಕೌಂಟನ್ನ ನಿಮ್ಮದರ ಜೊತೆ ಸೇರ್ಸಿಟ್ಟಿರ್ತಾನೆ, ಅದು ಹಿಂಬಾಗಿಲು, ನೀವು ಪಾಸ್‌ವರ್ಡ್ ಎಷ್ಟು ಸಲ ಬದಲಾಯ್ಸಿದ್ರೂ ಅದರಿಂದ ಬರ್ತಾನೇ ಇರ್ತಾನೆ. ತೆಗ್ದುಹಾಕಿ.

ಪೇಜ್ ನಡ್ಸೋರಿಗೆ ಇನ್ನೂ ಕೆಲ್ಸ ಇದೆ. ತಿಪಟೂರು ಕಡೆ ಕೊಬ್ಬರಿ ರೇಟ್ ಹಾಕೋ ಪೇಜು, ನರ್ಸರಿ ಪೇಜು, ಗುಬ್ಬಿ ಶಿರಾ ಕಡೆ ಮದುವೆ ಫೋಟೋಗ್ರಾಫರ್‌ಗಳ ಪೇಜು, ಇವುಗಳಲ್ಲಿ ಕಳ್ಳನಿಗೆ ಬೇಕಾಗಿರೋದು ನಿಮ್ಮ ಪ್ರೊಫೈಲ್ ಅಲ್ಲ, ಪೇಜಿನ ಫಾಲೋವರ್ಸು ಮತ್ತೆ ಜಾಹೀರಾತಿಗೆ ಅಂತ ಸೇವ್ ಮಾಡಿರೋ ಕಾರ್ಡು. ಪೇಜ್ ಆ್ಯಕ್ಸೆಸಲ್ಲಿ ಹೊಸ ಅಡ್ಮಿನ್ ಇದ್ರೆ ತೆಗೀರಿ, ಆ್ಯಡ್ಸ್ ಮ್ಯಾನೇಜರಲ್ಲಿ ನೀವು ಹಾಕದೇ ಇರೋ ಜಾಹೀರಾತು ಓಡ್ತಿದ್ರೆ ನಿಲ್ಸಿ, ಕಾರ್ಡನ್ನ ಬ್ಯಾಂಕಿಂದಾನೇ ಬ್ಲಾಕ್ ಮಾಡ್ಸಿ. ಇನ್ಮೇಲಾದ್ರೂ ಮನೆಯವರಲ್ಲಿ ಒಬ್ಬರನ್ನ ಎರಡ್ನೇ ಅಡ್ಮಿನ್ ಮಾಡಿಡಿ. ಒಬ್ರದ್ದು ಹೋದ್ರೆ ಇನ್ನೊಬ್ರು ತಕ್ಷಣ ಕಳ್ಳನ್ನ ಆಚೆ ಹಾಕ್ಬೋದು, ಇಲ್ಲಾಂದ್ರೆ ಪ್ರೊಫೈಲ್ ಸಿಗೋವರೆಗೂ ಪೇಜನ್ನ ಸುಮ್ನೆ ನೋಡ್ತಾ ಕೂರ್ಬೇಕು.

ಇನ್‌ಸ್ಟಾಗ್ರಾಮ್

ದಾರಿ ಹೆಚ್ಚುಕಮ್ಮಿ ಅದೇ. ಮೇಲ್‌ನಲ್ಲಿ ಮೇಲ್ ಡಾಟ್ ಇನ್‌ಸ್ಟಾಗ್ರಾಮ್ ಡಾಟ್ ಕಾಮ್ ಇಂದ ಬಂದಿರೋದು ಹುಡುಕಿ, ಇಮೇಲ್ ಬದಲಾವಣೆ ವಾಪಸ್ ಮಾಡೋ ಲಿಂಕ್ ಇರುತ್ತೆ. ಇಲ್ಲಾಂದ್ರೆ ಇನ್‌ಸ್ಟಾಗ್ರಾಮ್ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್. ಯೂಸರ್‌ನೇಮೇ ಸಿಗ್ತಿಲ್ಲ ಅಂದ್ರೆ ಅವ್ನು ಬದಲಾಯ್ಸಿದಾನೆ ಅಂತ, ನಿಮ್ಮ ಜೊತೆ ಚಾಟ್ ಮಾಡಿರೋ ಫ್ರೆಂಡು ಆ ಹಳೇ ಚಾಟ್ ಓಪನ್ ಮಾಡಿ ಮೇಲೆ ಹೆಸರು ಒತ್ತಿದ್ರೆ ಹೊಸ ಯೂಸರ್‌ನೇಮ್ ಕಾಣುತ್ತೆ.

ನಿಮ್ಮ ಮುಖ ಇರೋ ಫೋಟೋ ಅಕೌಂಟಲ್ಲಿದ್ರೆ ವಿಡಿಯೋ ಸೆಲ್ಫಿ ಕೇಳುತ್ತೆ. ಫೋನ್ ಮುಖದ ಮುಂದೆ ಹಿಡ್ಕೊಂಡು ಅದು ಹೇಳ್ದಂಗೆ ಎಡಕ್ಕೆ ಬಲಕ್ಕೆ ಮೇಲಕ್ಕೆ ತಲೆ ತಿರುಗಿಸ್ಬೇಕು. ಕನ್ನಡಕ, ಕ್ಯಾಪು, ಮಾಸ್ಕು ತೆಗೀರಿ, ಹಿಂದ್ಗಡೆ ಯಾರೂ ನಿಲ್ಬಾರ್ದು, ಟ್ಯೂಬ್‌ಲೈಟ್ ತಲೆ ಹಿಂದೆ ಇದ್ರೆ ಮುಖ ಕಪ್ಪಾಗಿ ಬರುತ್ತೆ, ಕಿಟಕಿಗೆ ಮುಖ ಮಾಡಿ ನಿಂತ್ಕೊಳ್ಳಿ. ನಿಧಾನಕ್ಕೆ ತಿರುಗಿ, ಅರ್ಧ ಸೆಕೆಂಡಲ್ಲಿ ಗಕ್ಕಂತ ತಲೆ ಆಡ್ಸಿದ್ರೆ ರಿಜೆಕ್ಟು. ರಿಜೆಕ್ಟ್ ಆದ್ರೆ ಇನ್ನೊಂದು ಕಳಿಸ್ಬೋದು. ಫಿಲ್ಟರ್ ಹಾಕಿದ ಫೋಟೋನೇ ತುಂಬಿರೋ ಅಕೌಂಟಿನವರಿಗೆ ಇದು ಸ್ವಲ್ಪ ಕಷ್ಟ, ಏನ್ ಮಾಡೋಕಾಗಲ್ಲ. ಅಂಗಡಿ ಅಕೌಂಟು, ಸೀರೆ ಅಕೌಂಟು, ಮುಖನೇ ಇಲ್ಲ ಅನ್ನೋರಿಗೆ ಅಕೌಂಟ್ ತೆರೆದಾಗ ಕೊಟ್ಟಿದ್ದ ಇಮೇಲು ಇಲ್ಲಾ ನಂಬರು, ಆವಾಗ ಯಾವ ಥರದ ಫೋನಿತ್ತು ಅಂತೆಲ್ಲಾ ಕೇಳ್ಬೋದು. ಹಳೇ ಫೋನಿನ ಡಬ್ಬ ಬಿಸಾಕ್ಬೇಡಿ ಅಂತ ನಾನು ಹೇಳೋದು ಇದಕ್ಕೂ ಸೇರಿ.

ವಾಟ್ಸಾಪು, ಇದಕ್ಕೆ ಮಾತ್ರ ಓಡಿ

ಇಲ್ಲಿ ಎರಡು ಥರ. ನಿಮ್ಮ ವಾಟ್ಸಾಪ್ ನಿಮ್ಮ ಫೋನಲ್ಲಿ ಓಪನ್ ಆಗ್ತಿದೆ, ಆದ್ರೂ ನಿಮ್ಮ ಹೆಸರಲ್ಲಿ ಮೆಸೇಜ್ ಹೋಗ್ತಿದೆ ಅಂದ್ರೆ ಮೂರು ಚುಕ್ಕಿ ಒತ್ತಿ ಲಿಂಕ್ಡ್ ಡಿವೈಸಸ್ ನೋಡಿ. "ನನ್ನ ತಂಗಿ ಮಗಳು ಡ್ಯಾನ್ಸ್ ಕಾಂಪಿಟೇಷನ್ನಲ್ಲಿದಾಳೆ, ಈ ಲಿಂಕಲ್ಲಿ ಒಂದು ಓಟ್ ಹಾಕಿ" ಅಂತ ಬಂದಿದ್ದಕ್ಕೆ ನಂಬರ್ ಕೊಟ್ಟು, ಅದು ತೋರ್ಸಿದ ಕೋಡನ್ನ ವಾಟ್ಸಾಪಲ್ಲಿ ಹಾಕಿದ್ರೆ ಅಲ್ಲಿಗೆ ಅವನ ಕಂಪ್ಯೂಟರ್ ನಿಮ್ಮ ಅಕೌಂಟಿಗೆ ಲಿಂಕ್ ಆದಂಗೇ. ಲಿಸ್ಟಲ್ಲಿ ಗೊತ್ತಿಲ್ಲದ್ದು ಏನಿದ್ರೂ ಲಾಗೌಟ್. ಮುಗೀತು.

ಇನ್ನೊಂದು ಥರ, ನಿಮ್ಮ ಫೋನಲ್ಲೇ ಲಾಗೌಟ್ ಆಗಿ ಬೇರೆ ಫೋನಲ್ಲಿ ರಿಜಿಸ್ಟರ್ ಆಗಿರೋದು. ಜಿಮೇಲು ಪಿಮೇಲು ನೋಡ್ತಾ ಕೂರ್ಬೇಡಿ. ಎಪಿಕೆ ಕೇಸ್ ಆದ್ರೆ ಸಿಮ್ಮನ್ನ ಬೇರೆ ಒಳ್ಳೇ ಫೋನಿಗೆ ಹಾಕಿ, ಇಲ್ಲಾಂದ್ರೆ ನಿಮ್ಮ ಫೋನಲ್ಲೇ ವಾಟ್ಸಾಪ್ ತೆಗ್ದು ನಿಮ್ಮ ನಂಬರ್ ಹಾಕಿ, ಬರೋ 6 ಅಂಕಿ ಕೋಡ್ ಹಾಕಿ. ಹಾಕಿದ ಕ್ಷಣಕ್ಕೆ ಅವ್ನು ಆಚೆ ಹೋಗ್ತಾನೆ. ಆಮೇಲೆ ಪಿನ್ ಕೇಳಿ, ಆ ಪಿನ್ ನಿಮ್ಗೆ ಗೊತ್ತಿಲ್ಲ ಅಂದ್ರೆ ಅದು ಅವ್ನು ಹಾಕಿರೋ ಟು ಸ್ಟೆಪ್ ಪಿನ್ನು, 7 ದಿನ ಕಾಯ್ಬೇಕು. ಗಾಬರಿ ಬೇಡ, ಈ 7 ದಿನ ಅಕೌಂಟು ನಿಮ್ಗೂ ಇಲ್ಲ, ಅವ್ನಿಗೂ ಇಲ್ಲ. ಆದ್ರೆ ಈ ಟೈಮಲ್ಲಿ ಓಟಿಪಿ ಕೇಳಿ ಫೋನ್ ಬರುತ್ತೆ, ವಾಟ್ಸಾಪ್ ಕಸ್ಟಮರ್ ಕೇರಿಂದ ಅಂತಾನೆ, ಕೊಟ್ರೆ ಮತ್ತೆ ಮೊದಲಿಂದ.

ಕೋಡ್ ಬರ್ತಿಲ್ಲ ಅಂದ್ರೆ ಮತ್ತೆ ಮತ್ತೆ ಒತ್ಬೇಡಿ, ಪ್ರತಿ ಸಲ ಕಾಯೋ ಟೈಮ್ ಜಾಸ್ತಿ ಆಗ್ತಾ ಹೋಗುತ್ತೆ. ಸ್ಕ್ರೀನ್ ಮೇಲಿನ ಟೈಮರ್ ಮುಗಿಯೋವರೆಗೂ ಬಿಟ್ಟು ಕಾಲ್ ಮಿ ಆರಿಸಿ, ಅದಕ್ಕಿಂತ ಮುಂಚೆ ಮೇಲೆ ಹೇಳಿದ ##002# ಮಾಡಿರಿ. ಸಿಮ್ಮೇ ಕೈಯಲ್ಲಿಲ್ಲ ಅಂದ್ರೆ ಸಪೋರ್ಟ್ ಅಟ್ ವಾಟ್ಸಾಪ್ ಡಾಟ್ ಕಾಮಿಗೆ ಇಂಗ್ಲಿಷಲ್ಲಿ, ಲಾಸ್ಟ್ ಸ್ಲ್ಯಾಶ್ ಸ್ಟೋಲನ್, ಪ್ಲೀಸ್ ಡೀಆಕ್ಟಿವೇಟ್ ಮೈ ಅಕೌಂಟ್ ಅಂತ ಬರ್ದು +91 ಸೇರ್ಸಿ ನಂಬರ್ ಕೊಡಿ, ಅಕೌಂಟ್ ನಿಲ್ಲಿಸ್ತಾರೆ. 30 ದಿನದೊಳಗೆ ಸಿಮ್ ತೆಗ್ಸಿ ಮತ್ತೆ ಲಾಗಿನ್ ಆದ್ರೆ ಅಕೌಂಟ್ ಉಳಿಯುತ್ತೆ, ಆಗ್ಲಿಲ್ಲ ಅಂದ್ರೆ ಡಿಲೀಟು. ಹಳೇ ಚಾಟ್ ಎಲ್ಲಾ ಓದ್ಬಿಟ್ನಾ ಅಂತ ತುಂಬಾ ಜನ ಕೇಳ್ತಾರೆ. ಬೇರೆ ಫೋನಲ್ಲಿ ಬರೀ ರಿಜಿಸ್ಟರ್ ಮಾಡ್ಕೊಂಡಿದ್ರೆ ಹಳೇ ಚಾಟ್ ಸಿಗಲ್ಲ, ಅದು ನಿಮ್ಮ ಫೋನಲ್ಲೇ ಇರುತ್ತೆ, ಗ್ರೂಪುಗಳು ಮಾತ್ರ ಕಾಣುತ್ತೆ. ಲಿಂಕ್ಡ್ ಡಿವೈಸ್ ಕೇಸಲ್ಲಿ ಓದಿರ್ಬೋದು, ಚಾಟಲ್ಲಿ ಎಟಿಎಂ ಪಿನ್ ಫೋಟೋ ಕಳ್ಸಿದ್ರೆ ಇವತ್ತೇ ಬದಲಾಯ್ಸಿ.

ದುಡ್ಡು ಹೋಗಿದ್ರೆ, ಇಲ್ಲಾ ನಿಮ್ಮ ಹೆಸರಲ್ಲಿ ಬೇರೆಯವರದ್ದು ಹೋಗಿದ್ರೆ

1930 ದೇಶಕ್ಕೆಲ್ಲಾ ಒಂದೇ ನಂಬರು. ಬೇಗ ಮಾಡಿದಷ್ಟೂ ದುಡ್ಡು ಇನ್ನೂ ಯಾವ್ದಾದ್ರೂ ಅಕೌಂಟಲ್ಲಿರೋವಾಗ್ಲೇ ತಡೆಹಿಡಿಯೋ ಅವಕಾಶ ಜಾಸ್ತಿ. ಕೈಲಿ ರೆಡಿ ಇರ್ಬೇಕಾಗಿದ್ದು ಯಾವ ಬ್ಯಾಂಕು, ಎಷ್ಟು, ಎಷ್ಟೊತ್ತಿಗೆ, ಮತ್ತೆ ಯುಪಿಐನ 12 ಅಂಕಿ ಯುಟಿಆರ್ ನಂಬರು, ಫೋನ್‌ಪೇ ಹಿಸ್ಟರಿಲಿ ಆ ಪೇಮೆಂಟ್ ಒತ್ತಿದ್ರೆ ಸಿಗುತ್ತೆ. ಅವರು ಕೊಡೋ ದೂರಿನ ನಂಬರ್ ಬರ್ಕೊಂಡು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಮಿಕ್ಕಿದ ವಿವರ ತುಂಬಿ. ನೀವಲ್ಲ, ನಿಮ್ಮ ಫ್ರೆಂಡು ಮೋಸ ಹೋಗಿದ್ದು ಅಂದ್ರೆ ದುಡ್ಡಿನ ದೂರು ಅವರು ಕೊಡ್ಬೇಕು, ಅಕೌಂಟಿನ ದೂರು ನೀವು.

ದುಡ್ಡು ಹೋಗದಿದ್ರೂ ಒಂದು ದೂರು ಕೊಟ್ಟಿಡಿ ಅಂತ ನಾನು ಹೇಳೋದು, ನಾಳೆ ನಿಮ್ಮ ಅಕೌಂಟಿಂದ ಯಾರಿಗೋ ಕೆಟ್ಟ ಮೆಸೇಜ್ ಹೋದ್ರೆ ಆವತ್ತು ಅದು ನನ್ನ ಕೈಲಿರ್ಲಿಲ್ಲ ಅನ್ನೋಕೆ ಒಂದು ಕಾಗದ ಇರುತ್ತೆ. ತುಮಕೂರಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆ ಇದೆ, ಸೈಬರ್ ಕೇಸ್ ನೋಡೋದು ಅವ್ರು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲೂ ಇದೆ. ಪಾವಗಡದಿಂದಾನೋ ಮಧುಗಿರಿಯಿಂದಾನೋ ಅಷ್ಟು ದೂರ ಬರೋಕಾಗಲ್ಲ ಅನ್ನೋರು ನಿಮ್ಮ ಹತ್ರದ ಠಾಣೆಲೇ ದೂರು ಕೊಡ್ಬೋದು. ಅರ್ಜಿಲಿ ಐಟಿ ಕಾಯ್ದೆ 2000ದ 66ಸಿ, 66ಡಿ ಅಂತ ಬರೀರಿ, ಒಂದು ಬೇರೆಯವರ ಪಾಸ್‌ವರ್ಡು ಗುರುತು ಕದಿಯೋದಕ್ಕೆ, ಇನ್ನೊಂದು ಕಂಪ್ಯೂಟರ್ ಬಳಸಿ ಬೇರೆಯವರ ವೇಷದಲ್ಲಿ ಮೋಸ ಮಾಡೋದಕ್ಕೆ, ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಸ್ಕ್ರೀನ್‌ಶಾಟಲ್ಲಿ ಟೈಮು ಕಾಣ್ಬೇಕು, ಪ್ರೊಫೈಲ್ ಲಿಂಕು ಪೂರ್ತಿ ಪ್ರಿಂಟ್ ಆಗಿರ್ಬೇಕು, ಬರೀ ಡಿಪಿ ಪ್ರಿಂಟ್ ತಗೊಂಡು ಹೋಗ್ಬೇಡಿ.

ಫೇಸ್‌ಬುಕ್ಕು ಇನ್‌ಸ್ಟಾ ಯಾವ ರಿಪೋರ್ಟಿಗೂ ಉತ್ರ ಕೊಡ್ತಿಲ್ಲ ಅಂದ್ರೆ, 2021ರ ಐಟಿ ನಿಯಮದ ಪ್ರಕಾರ ಅವರಿಗೆ ಭಾರತದಲ್ಲಿ ಗ್ರೀವೆನ್ಸ್ ಆಫೀಸರ್ ಇರ್ಲೇಬೇಕು, ಅವರ ಸೈಟಿನ ಹೆಲ್ಪ್ ಭಾಗದಲ್ಲಿ ಆ ಫಾರ್ಮ್ ಸಿಗುತ್ತೆ, ಅಲ್ಲಿ ದೂರು ಹಾಕಿ ಅದರ ನಂಬರ್ ಇಟ್ಕೊಳ್ಳಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಸರ್ಕಾರದ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ ಜಿಎಸಿ ಡಾಟ್ ಗವ್ ಡಾಟ್ ಇನ್‌ನಲ್ಲಿ 30 ದಿನದೊಳಗೆ ಅಪೀಲ್ ಹಾಕ್ಬೋದು, ಆನ್‌ಲೈನಲ್ಲೇ, ಫೀಸಿಲ್ಲ. ಇದು ಇದೆ ಅಂತಾನೇ ಜನಕ್ಕೆ ಗೊತ್ತಿಲ್ಲ.

ರಿಕವರಿ ಮಾಡ್ಕೊಡ್ತೀನಿ ಅನ್ನೋರು

ನನ್ನ ಅಕೌಂಟ್ ಹೋಯ್ತು ಅಂತ ಎಲ್ಲಾದ್ರೂ ಬರೆದ್ರೆ ಐದೇ ನಿಮಿಷಕ್ಕೆ ಒಬ್ಬ ಬರ್ತಾನೆ, ನಂದೂ ಹೋಗಿತ್ತು, ಟೆಲಿಗ್ರಾಮಲ್ಲಿ ಇಂಥ ಎಥಿಕಲ್ ಹ್ಯಾಕರ್ ತೆಗ್ಸಿಕೊಟ್ರು ಅಂತ. ಮೊದ್ಲು ಐನೂರು ಕೇಳ್ತಾನೆ, ಆಮೇಲೆ ಸಾಫ್ಟ್‌ವೇರ್ ಚಾರ್ಜ್ ಎರಡು ಸಾವ್ರ, ಆಮೇಲೆ ಓಟಿಪಿ. ಫೇಸ್‌ಬುಕ್ ನಡ್ಸೋ ಮೆಟಾ ಕಂಪನಿ ಸರ್ವರಿಗೆ ಹೊರಗಿನವನು ಕೈ ಹಾಕಿ ನಿಮ್ಮ ಅಕೌಂಟ್ ತೆಗೀತಾನೆ ಅನ್ನೋದು ಆಗದ ಮಾತು. ಗೂಗಲಲ್ಲಿ ಫೇಸ್‌ಬುಕ್ ಕಸ್ಟಮರ್ ಕೇರ್ ನಂಬರ್ ಅಂತ ಹುಡುಕಿದಾಗ ಸಿಗೋ ನಂಬರೂ ಇದೇ ಜಾತಿ, ಅಕೌಂಟ್ ವಾಪಸ್ ಕೊಡ್ಸೋಕೆ ಫೇಸ್‌ಬುಕ್ಕು ಫೋನ್ ಲೈನ್ ಇಟ್ಟಿಲ್ಲ. ನಮ್ಮಂಥ ಅಂಗಡಿಯವರೂ ಮಾಡೋದು ಇಷ್ಟೇ, ಮೇಲೆ ಹೇಳಿದ ಪೇಜುಗಳನ್ನೇ ನಿಮ್ಮ ಪಕ್ಕ ಕೂತು ಒತ್ತೋದು. ಅದಕ್ಕೆ ಫಾರ್ಮ್ ತುಂಬೋ ದುಡ್ಡು ತಗೊಂಡ್ರೆ ಸರಿ, ಗ್ಯಾರಂಟಿ ಅಂತ ಅಡ್ವಾನ್ಸ್ ಕೇಳಿದ್ರೆ ಎದ್ದು ಬನ್ನಿ.

ಸಿಕ್ಕಿದ್ಮೇಲೆ, ಸಿಗದಿದ್ರೆ

ಸಿಕ್ಕಿದ್ರೆ ಎಲ್ಲಾದಕ್ಕೂ ಟು ಸ್ಟೆಪ್ ಹಾಕಿ, ವಾಟ್ಸಾಪ್ ಪಿನ್ನಿಗೆ ಇಮೇಲೂ ಸೇರ್ಸಿ, ಆಮೇಲೆ ಬ್ಯಾಕಪ್ ಕೋಡುಗಳನ್ನ (ಫೋನ್ ಕೈಲಿಲ್ದಾಗ ಲಾಗಿನ್ ಆಗೋಕೆ ಮೊದ್ಲೇ ಕೊಡೋ ಕೋಡು) ಪ್ರಿಂಟ್ ತೆಗ್ದು ರೇಷನ್ ಕಾರ್ಡಿನ ಕವರಲ್ಲೇ ಇಡಿ, ಗ್ಯಾಲರಿಲಿ ಸ್ಕ್ರೀನ್‌ಶಾಟ್ ಇಟ್ರೆ ಫೋನ್ ಹೋದಾಗ ಅದೂ ಹೋಗುತ್ತೆ. ಹಳೇ ಸಿಮ್ ರೀಚಾರ್ಜ್ ಮಾಡದೆ ಬಿಟ್ಟಿದ್ರೆ ಆ ನಂಬರನ್ನ ಎಲ್ಲಾ ಅಕೌಂಟಿಂದ ತೆಗೀರಿ. ಬಂದ್ ಆದ ನಂಬರು 90 ದಿನ ಕಳೆದ್ಮೇಲೆ ಬೇರೆಯವರಿಗೆ ಹೋಗ್ಬೋದು, ಅವ್ರು ಕಳ್ಳರೇ ಆಗಿರ್ಬೇಕಿಲ್ಲ, ಫರ್ಗಾಟ್ ಪಾಸ್‌ವರ್ಡ್ ಒತ್ತಿದ್ರೆ ನಿಮ್ಮ ಅಕೌಂಟ್ ಅವ್ರಿಗೆ ಓಪನ್ ಆಗುತ್ತೆ ಅಷ್ಟೇ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಸೈಟಲ್ಲಿ ನೋಡ್ಬೋದು, ನಿಮ್ದಲ್ಲದ್ದು ಇದ್ರೆ ಅಲ್ಲೇ ನಾಟ್ ಮೈ ನಂಬರ್ ಒತ್ತಿ.

ಎಲ್ಲಾ ಮಾಡಿ ವಾರಗಟ್ಲೆ ಕಾದ್ರೂ ಸಿಗಲ್ಲ ಅನ್ನೋ ಕೇಸೂ ಇದಾವೆ, ಹೆಸರು ಸುಳ್ಳು, ಇಮೇಲ್ ಗೊತ್ತಿಲ್ಲ, ನಂಬರ್ ಹಳೇದು, ಫೋಟೋ ಇಲ್ಲ, ಮೂರ್ನಾಲ್ಕು ಒಟ್ಟಿಗೆ ಬಂದ್ರೆ ನಾನು ಮೊದ್ಲೇ ಹೇಳ್ಬಿಡ್ತೀನಿ, ಆಸೆ ಇಟ್ಕೋಬೇಡಿ ಅಂತ. ಆಗ ಫ್ರೆಂಡ್ಸ್ ಕೈಲಿ ಆ ಹಳೇ ಅಕೌಂಟನ್ನ ರಿಪೋರ್ಟ್ ಮಾಡ್ಸಿ, ಹೊಸದು ತೆಗೀರಿ, ಈ ಸಲ ಆಧಾರಲ್ಲಿರೋ ಹೆಸರಲ್ಲೇ. ವ್ಯಾಪಾರದ ಪೇಜಾಗಿದ್ರೆ ವಿಸಿಟಿಂಗ್ ಕಾರ್ಡು, ಬಿಲ್ ಬುಕ್ಕು, ಅಂಗಡಿ ಮುಂದಿನ ಫ್ಲೆಕ್ಸು, ಎಲ್ಲೆಲ್ಲಿ ಹಳೇ ಪೇಜಿನ ಕ್ಯೂಆರ್ ಇದ್ಯೋ ಅದರ ಮೇಲೆಲ್ಲಾ ಹೊಸದು ಅಂಟ್ಸಿ, ಇಲ್ಲಾಂದ್ರೆ ಗಿರಾಕಿಗಳು ಸ್ಕ್ಯಾನ್ ಮಾಡಿ ನೇರ ಅವನ ಹತ್ರಾನೇ ಆರ್ಡರ್ ಕೊಡ್ತಾರೆ.